ಕಾಂಗ್ಲುಂಗ್‌ಗೆ ಪಾಠ ಮಾಡಲು ಹೊರಟಾಗ

ಭೂತಾನಿನ ಕಾಂಗ್ಲುಂಗ್‌ನಲ್ಲಿರುವ ಶೆರಬ್‌ತ್ಸೆ ಕಾಲೇಜಲ್ಲಿ ಕೆಲಸ ಸಿಕ್ಕಿದೆ, ಜುಲೈಗೆ ಹೊರಡಬೇಕು, ಸೋಮವಾರಪೇಟೆಯಿಂದ ಏನೇನು ಕಟ್ಟಿಕೊಂಡು ಹೋಗಲಿ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆಯವನು. ಆ ಕಡೆ ಎರಡು ವರ್ಷ ಪಾಠ ಮಾಡಿದ್ದೇನೆ.

ಬಟ್ಟೆಗಿಂತ ಮೊದಲು ದಾರಿ ಯೋಚಿಸಿ. ಗುವಾಹಟಿಯವರೆಗೆ ವಿಮಾನ. ಅಲ್ಲಿಂದ ಗಡಿಯ ಸಮ್‌ದ್ರುಪ್ ಜೋಂಖರ್, ಆಮೇಲೆ ಬರೀ ಘಾಟಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ರಸ್ತೆ ಬಂದ್. 2018ರಲ್ಲಿ ಸಂಪಾಜೆ ದಾರಿಯ ಗತಿ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ ಅಲ್ವಾ? ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಬ್ಯಾಂಕಿನ ಒಟಿಪಿ ಮರೆಯಬೇಡಿ. ಇಲ್ಲಿನ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೋಗಿ ನಾನು ಒಂದು ತಿಂಗಳು ಒದ್ದಾಡಿದೆ. ಮನೆಗೆ ದುಡ್ಡು ಕಳಿಸಲೂ ಆಗಲಿಲ್ಲ. ಹೊರಡುವ ಮೊದಲೇ ಮಾಡಿಸಿ, ಅಕೌಂಟಿಗೆ ಮನೆಯವರನ್ನೂ ಸೇರಿಸಿ. ಅಲ್ಲಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ಲೆಕ್ಕ ಸುಲಭ.

ಚಳಿ? ಕಾಲೇಜು ಇರುವ ಜಾಗ ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಗಿಂತಲೂ ಎತ್ತರ. ಮಡಿಕೇರಿಯ ಸ್ವೆಟರ್ ಡಿಸೆಂಬರಿಗೆ ಸಾಲದು. ದಪ್ಪ ಜಾಕೆಟ್, ಗಟ್ಟಿ ಬೂಟು ಬೇಕು. ದಿನಾ ನುಂಗುವ ಮಾತ್ರೆ ಇದ್ದರೆ ಚೀಟಿ ಸಮೇತ ಮೂರು ತಿಂಗಳಿಗೆ ಆಗುವಷ್ಟು ಒಯ್ಯಿರಿ.

ಪಾತ್ರೆ ಪಗಡೆ ಸುಮ್ನೆ ಹೊರಬೇಡಿ, ಅಲ್ಲೇ ಸಿಗುತ್ತದೆ. ಅಲ್ಲಿ ಮೆಣಸಿನಕಾಯಿಯೇ ತರಕಾರಿ, ಚೀಸ್ ಹಾಕಿ ಬೇಯಿಸುತ್ತಾರೆ. ಮೊದಲ ವಾರ ಕಣ್ಣೀರು ಗ್ಯಾರಂಟಿ! ಹಂದಿ ಮಾಂಸವೂ ತಿನ್ನುತ್ತಾರೆ. ನೀವೂ ತಿನ್ನುವವರಾದರೆ ಒಂದು ಬಾಟಲಿ ಕಾಚಂಪುಳಿ, ಅದೇ ಹಂದಿ ಮಾಂಸಕ್ಕೆ ಹಾಕುವ ನಮ್ಮ ಕಪ್ಪು ಹುಳಿ, ಇಟ್ಟುಕೊಳ್ಳಿ. ಮುಚ್ಚಳಕ್ಕೆ ಟೇಪ್ ಸುತ್ತಿ. ನನ್ನದು ಸೋರಿ ಬಿಳಿ ಅಂಗಿಗಳೆಲ್ಲ ಕಪ್ಪಾದವು.