ಕಡಲ ಮುಂದೆ ಸುಮ್ನೆ ಕೂರೋದು ಹೇಗೆ?

ಪ್ರಶ್ನೆ: ನನಗೆ 58, ನಮ್ಮನೆಯವರಿಗೆ 64. ಜನವರಿಯಲ್ಲಿ ಮಗಳು ನಮ್ಮಿಬ್ಬರನ್ನೂ ಗೋವಾದ ಪಾಲೋಲೆಂಗೆ ಕರೆದುಕೊಂಡು ಹೋಗುತ್ತಾಳಂತೆ. ಊರು ಸುತ್ತೋದು ಬೇಡ, ದಂಡೆಯ ಹೋಟೆಲಿನವರು ಒರಗು ಕುರ್ಚಿ ಹಾಕಿರುತ್ತಾರೆ, ಬೆಳಗಿನಿಂದ ಸಂಜೆ ತನಕ ಅಲ್ಲೇ ಇರೋಣ ಅನ್ನುತ್ತಾಳೆ. ನಾವು ಸಸ್ಯಾಹಾರಿಗಳು, ಕುಡಿಯುವವರಲ್ಲ. ನಾನು ಸೀರೆ ಬಿಟ್ಟು ಬೇರೇನೂ ಉಟ್ಟವಳಲ್ಲ. ನಮ್ಮಂಥವರನ್ನು ಅಲ್ಲಿ ಕೂರಿಸುತ್ತಾರಾ? ಇಡೀ ದಿನ ಸುಮ್ನೆ ಕೂತರೆ ದುಡ್ಡು ದಂಡ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೂರಿಸುತ್ತಾರೆ ತಾಯಿ, ಧೈರ್ಯವಾಗಿ ಹೋಗಿ. ನಾನು ಕಾರವಾರದವಳು. ಪಾಲೋಲೆಂ ನಮಗೆ ಗಡಿಯಾಚೆಯ ನೆರೆಯೂರು. ಮಾಜಾಳಿ ದಾಟಿದರೆ ಗೋವಾದ ಚೆಕ್‌ಪೋಸ್ಟ್, ಆಮೇಲೆ ಕಾಣಕೋಣದ ಪೇಟೆ, ಅಲ್ಲಿಂದ ದಂಡೆಗೆ ಆಟೊ. ಕಳೆದ ಫೆಬ್ರವರಿಯಲ್ಲಿ ನಾನು, ನನ್ನ ಅಕ್ಕ, ಅವಳ ಸೊಸೆ ಹೋಗಿದ್ದೆವು. ಅಕ್ಕನಿಗೆ 67. ಕಾಟನ್ ಸೀರೆಯಲ್ಲೇ ಒರಗಿ, ಸೆರಗು ಮುಖದ ಮೇಲೆ ಹಾಕಿಕೊಂಡು ನಿದ್ದೆ ಮಾಡಿದಳು. ಪಕ್ಕದ ಕುರ್ಚಿಯಲ್ಲಿ ವಿದೇಶದ ಅಜ್ಜಿಯೊಬ್ಬರು ಪುಸ್ತಕ ಓದುತ್ತಿದ್ದರು. ಯಾರೂ ಯಾರ ಕಡೆಗೂ ತಿರುಗಿ ನೋಡಲಿಲ್ಲ.

ಮೊದಲು ಕುರ್ಚಿಯ ವಿಷಯ. ಬಿದಿರು, ತೆಂಗಿನ ಗರಿಯಿಂದ ಕಟ್ಟಿದ ಈ ಹೋಟೆಲುಗಳಿಗೆ ಅಲ್ಲಿ ಶ್ಯಾಕ್ ಅನ್ನುತ್ತಾರೆ. ಊಟ, ತಿಂಡಿ ಅವರಲ್ಲೇ ತರಿಸಿಕೊಂಡರೆ ಸಾಮಾನ್ಯವಾಗಿ ಕುರ್ಚಿಗೆ ಬೇರೆ ದುಡ್ಡಿಲ್ಲ. ಆದರೆ ಎಲ್ಲ ಕಡೆ ಹಾಗಲ್ಲ. ಒಂದು ಸಲ ಬೇರೊಂದು ದಂಡೆಯಲ್ಲಿ ನಮ್ಮನ್ನು ನಗುನಗುತ್ತಾ ಕೂರಿಸಿ, ಏಳುವಾಗ ತಲೆಗಿಷ್ಟು ಅಂತ ಬಾಡಿಗೆ ಸೇರಿಸಿದರು. ನಮಗೆ ತುಂಬಾ ಬೇಜಾರಾಯಿತು. ಅವತ್ತಿನಿಂದ ಚಪ್ಪಲಿ ಬಿಡುವ ಮೊದಲೇ ಕೇಳಿಬಿಡುತ್ತೇನೆ: ಕುರ್ಚಿಗೆ ಎಷ್ಟು, ಎಷ್ಟು ಹೊತ್ತು ಕೂರಬಹುದು? ಜೊತೆಗೆ ಹಿಂದೆ ಹೋಗಿ ಶೌಚಾಲಯ ನೋಡಿ ಬನ್ನಿ. ಇಡೀ ದಿನ ಇರುವವರಿಗೆ, ಅದರಲ್ಲೂ ನಮಗೆ ಹೆಂಗಸರಿಗೆ, ಕಡಲಿನ ನೋಟಕ್ಕಿಂತ ಅದು ಮುಖ್ಯ. ಅದು ಚೊಕ್ಕಟವಾಗಿಲ್ಲದಿದ್ದರೆ ಮುಂದಿನ ಶ್ಯಾಕಿಗೆ ಹೋಗಿ.

ನಿಮ್ಮನೆಯವರಿಗೆ ಮಂಡಿನೋವು ಇದ್ದರೆ ಒರಗುವ ಮೊದಲು ಕುರ್ಚಿಯ ಎತ್ತರ ನೋಡಿ. ಕೆಲವು ನೆಲಕ್ಕೆ ಅಂಟಿದ ಹಾಗಿರುತ್ತವೆ. ಕೂರೋದು ಸುಲಭ, ಮರಳಿನಲ್ಲಿ ಕಾಲು ಊರಿ ಏಳೋದು ಕಷ್ಟ. ಮರದ ಮಂಚದ ಥರದ್ದು ಸಿಕ್ಕರೆ ಅದನ್ನೇ ಹಿಡಿಯಿರಿ.

ಇನ್ನು ಬಿಸಿಲು. ನಮ್ಮ ಈ ಕರಾವಳಿಯಲ್ಲಿ ಸೂರ್ಯ ಹುಟ್ಟೋದು ಬೆನ್ನ ಹಿಂದೆ, ಮುಳುಗೋದು ಕಣ್ಣ ಮುಂದೆ. ಹಾಗಾಗಿ ಬೆಳಿಗ್ಗೆ ದಂಡೆಯ ತೆಂಗಿನ ಮರಗಳ ನೆರಳು ಕಡಲ ಕಡೆಗೆ ಉದ್ದಕ್ಕೆ ಚಾಚಿರುತ್ತದೆ. ಎಂಟು ಗಂಟೆಗೆ ಹೋದರೆ ಛತ್ರಿಯೇ ಬೇಡ. ಮಧ್ಯಾಹ್ನದ ಹೊತ್ತಿಗೆ ಆ ನೆರಳು ಮರದ ಬುಡಕ್ಕೆ ಸರಿದುಬಿಡುತ್ತದೆ. ಹನ್ನೆರಡರಿಂದ ಮೂರೂವರೆ ತನಕ ಹೊರಗಿನ ಕುರ್ಚಿ ಬಿಟ್ಟು ಶ್ಯಾಕಿನ ಸೂರಿನ ಕೆಳಗೆ ಬನ್ನಿ. ಊಟ ಅಲ್ಲೇ ಮಾಡಿ. ನಾಲ್ಕರ ಮೇಲೆ ಬಿಸಿಲು ಛತ್ರಿಯ ಅಡಿಯಿಂದ ನೇರ ಮುಖಕ್ಕೆ ಬರುತ್ತದೆ. ಆಗ ಹುಡುಗನಿಗೆ ಹೇಳಿ ಕುರ್ಚಿಯನ್ನು ಸ್ವಲ್ಪ ಓರೆ ಮಾಡಿಸಿಕೊಳ್ಳಿ.

ಕೂತಲ್ಲೇ ಏನು ನೋಡೋದು ಅಂತೀರಾ? ಬೆಳಿಗ್ಗೆ ಮೊದಲು ಮರಳು ನೋಡಿ. ಕಡ್ಡಿ, ಚಿಪ್ಪು, ಒಣಗಿದ ಪಾಚಿ ಸೇರಿ ದಂಡೆಯುದ್ದಕ್ಕೂ ಒಂದು ಗೆರೆ ಎಳೆದ ಹಾಗಿರುತ್ತದೆ. ರಾತ್ರಿಯ ಭರತ, ಅಂದರೆ ಕಡಲಿನ ಉಬ್ಬರ, ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ಶ್ಯಾಕಿನ ಹುಡುಗರು ಆ ಗೆರೆ ನೋಡಿಯೇ ಕುರ್ಚಿ ಹಾಕುತ್ತಾರೆ. ನೀರು ಇಳಿದಂತೆ ಮುಂದಿನ ಸಾಲು ಕೆಳಗೆ ಸರಿಯುತ್ತದೆ, ಏರಿದಂತೆ ಮೇಲೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಮೇಲೆ ಬರುತ್ತದೆ. ನಾವು ಹೋದದ್ದು ಹುಣ್ಣಿಮೆಯ ಮರುದಿನ. ಅಕ್ಕ ಚೀಲವನ್ನು ಕುರ್ಚಿಯ ಕೆಳಗಿಟ್ಟು ಮಲಗಿದ್ದಳು. ಒಂದು ತೆರೆ ಸದ್ದಿಲ್ಲದೆ ಬಂದು ಅವಳ ಚಪ್ಪಲಿ ಒಂದನ್ನು ಎತ್ತಿಕೊಂಡು ಹೊರಟಿತು. ಹುಡುಗ ಓಡಿ ಹಿಡಿದು ತಂದ. 'ಚೀಲ ಮ್ಯಾಲಿಡ್ರಿ ಅಮ್ಮಾ, ಇನ್ನೂ ಬರ್ತದ' ಅಂದ. ಗದಗ ಕಡೆಯವನು! ಗೋವಾದ ದಂಡೆಗಳಲ್ಲಿ ದುಡಿಯುವ ನಮ್ಮ ಕಡೆಯವರು ಬಹಳ ಜನ. ಅವನ ಜೊತೆ ಮಾತಾಡುತ್ತಾ ಅಕ್ಕನಿಗೆ ಅರ್ಧ ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಊಟಕ್ಕೆ ತೊಂದರೆ ಇಲ್ಲ. ದಾಲ್, ಅನ್ನ, ರೊಟ್ಟಿ, ತರಕಾರಿ ಶಾಕುತಿ (ತೆಂಗಿನಕಾಯಿ ಮಸಾಲೆಯ ಗೋವಾದ ಪಲ್ಯ) ಸಿಗುತ್ತವೆ. ಆದರೆ ಮೀನು ಹುರಿದ ಎಣ್ಣೆಯಲ್ಲೇ ನಿಮ್ಮ ಆಲೂ ಕರಿಯಬಾರದು ಅಂದರೆ ಮೊದಲೇ ಹೇಳಬೇಕು. ಸೋಲ್‌ಕಡಿ ತರಿಸಿ, ಕೋಕಂ ಮತ್ತು ತೆಂಗಿನ ಹಾಲಿನದು, ಬಿಸಿಲಿಗೆ ಅದರಷ್ಟು ಹಿತ ಬೇರಿಲ್ಲ. ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಬಂದ ತಕ್ಷಣ ಚಹಾ, ಹತ್ತಕ್ಕೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಲಿಂಬು ಸೋಡಾ. ಆಗ ಕುರ್ಚಿ ಹಿಡಿದು ಕೂತಿದ್ದೀವಿ ಅನ್ನೋ ಸಂಕೋಚ ನಿಮಗೂ ಇರೋದಿಲ್ಲ, ಅವರಿಗೂ ವ್ಯಾಪಾರ. ಮನೆಯಿಂದ ಬುತ್ತಿ ತಂದು ಅವರ ಕುರ್ಚಿಯಲ್ಲಿ ಬಿಚ್ಚಬೇಡಿ. ಆರು ತಿಂಗಳ ದುಡಿಮೆಯಲ್ಲಿ ವರ್ಷ ಕಳೆಯುವವರು ಅವರು. ನಮ್ಮ ಮೂವರ ಇಡೀ ದಿನದ ಬಿಲ್ 2,850 ರೂಪಾಯಿ ಆಯಿತು, ಅದರಲ್ಲಿ ನನ್ನ ಬಂಗಡೆ ಫ್ರೈ ಕೂಡ ಸೇರಿತ್ತು.

ನೀರಿಗೆ ಇಳಿಯುವುದಾದರೆ ಬಾವುಟ ನೋಡಿ. ಕೆಂಪು ಮಾತ್ರ ಇದ್ದರೆ ಇಳಿಯಲೇಬಾರದು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ.

ದುಡ್ಡು ದಂಡ ಅಂದಿರಿ. ಅಕ್ಕ ಮದುವೆಯಾಗಿ ಬಂದ ಮೇಲೆ ಬೇರೆಯವರು ಬಡಿಸಿದ ಊಟವನ್ನು ಏಳದೆ ಉಂಡದ್ದು ಬಾಣಂತನದಲ್ಲಿ ಮಾತ್ರವಂತೆ. ಆರೂವರೆಗೆ ಸೂರ್ಯ ನೀರಿಗೆ ತಾಗಿದಾಗ 'ಇವತ್ತು ನಾನು ಒಂದು ಲೋಟವನ್ನೂ ತೊಳೆಯಲಿಲ್ಲ ಕಣೇ' ಅಂದಳು. ನೀವು ಹೋಗಿ. ಮಗಳು ಕರೆದಿದ್ದಾಳೆ, ಅವಳ ಜೊತೆ ಕೂತು ಬನ್ನಿ.

ಪ್ರಶ್ನೆ: ನಾವು ಜೂನ್ ಮಧ್ಯದಲ್ಲಿ ಗೋವಾದ ದಂಡೆಗೆ ಹೋದೆವು. ಶ್ಯಾಕೂ ಇಲ್ಲ, ಕುರ್ಚಿಯೂ ಇಲ್ಲ. ಮುಚ್ಚಿಬಿಟ್ಟರಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಮುಚ್ಚಿಲ್ಲ, ಬಿಚ್ಚಿಟ್ಟಿದ್ದಾರೆ. ಇವಕ್ಕೆ ಪರವಾನಗಿ ಇರುವುದೇ ತಾತ್ಕಾಲಿಕ ಕಟ್ಟಡ ಅಂತ. ಮಳೆಗಾಲಕ್ಕೆ ಮುಂಚೆ ಬಿಚ್ಚಬೇಕು, ಮಳೆ ಮುಗಿದ ಮೇಲೆ ಮತ್ತೆ ಕಟ್ಟಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ. ಕ್ರಿಸ್‌ಮಸ್, ಹೊಸ ವರ್ಷದ ವಾರ ಮಾತ್ರ ಬೇಡ.

ಪ್ರಶ್ನೆ: ಗೋವಾದ ಅಗೋಂಡಾ ದಂಡೆಯಲ್ಲಿ ಕತ್ತಲಾದ ಮೇಲೆ ಕುರ್ಚಿ ಎತ್ತಿ, ದೀಪ ಆರಿಸಿದರು. ನಾವು ಇನ್ನೂ ಕೂತಿದ್ದೆವು. ಹೀಗೆ ಮಾಡಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮಾಡಬೇಕು. ಅಗೋಂಡಾ, ಗಾಲ್ಜಿಬಾಗ್ ದಂಡೆಗಳಿಗೆ ಆಲಿವ್ ರಿಡ್ಲಿ ಅನ್ನುವ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆ ಇಡುತ್ತವೆ. ಕುರ್ಚಿಗಳ ಸಾಲು ಅಡ್ಡ ಸಿಕ್ಕರೆ ತಾಯಿ ಆಮೆ ಮೊಟ್ಟೆ ಇಡದೆಯೇ ತಿರುಗಿ ಹೋಗಬಹುದು. ಮೊಟ್ಟೆಯೊಡೆದ ಮರಿಗಳು ಬೆಳಕು ಕಂಡ ಕಡೆ ಹರಿಯುತ್ತವೆ. ಕತ್ತಲ ದಂಡೆಯಲ್ಲಿ ಅವಕ್ಕೆ ಕಾಣುವ ಬೆಳಕು ಕಡಲಿನದು. ಹೋಟೆಲಿನ ದೀಪ ಉರಿಯುತ್ತಿದ್ದರೆ ಅತ್ತ ಹೋಗಿ ಸಾಯುತ್ತವೆ. ಮುಂದಿನ ಸಲ ಹೋದರೆ ಮೊಬೈಲ್ ಟಾರ್ಚ್ ಕೂಡ ಹಾಕಬೇಡಿ. ಕುರ್ಚಿ ಬೆಳಿಗ್ಗೆ ಮತ್ತೆ ಹಾಕುತ್ತಾರೆ.