ಕ್ರಿಯಾನನ ಅರ್ಥವನ್ನೂ ನೀವೇ ಹೇಳಬೇಕು

ನಮಸ್ಕಾರ.

ನೀವು ಕಳಿಸಿದ 'ಅಂತಿಗೊನೆ: ಪಾತ್ರಗಳು ಮತ್ತು ಮುಖ್ಯ ದೃಶ್ಯಗಳು' ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸುವುದಿಲ್ಲ. ಹಾಗಂತ 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಮುಗಿಸುವ ಮನಸ್ಸೂ ಇಲ್ಲ. ಮಂಗಳೂರಿನಲ್ಲಿ ಓದುತ್ತಿದ್ದೇನೆ, ಕಾಲೇಜಿನ ನಾಟಕ ತಂಡದಲ್ಲಿದ್ದೇನೆ ಎಂದು ಬರೆದಿದ್ದೀರಿ. ಎರಡೂವರೆ ಸಾವಿರ ವರ್ಷದ ಹಿಂದಿನ ನಾಟಕವನ್ನು ಈ ವಯಸ್ಸಿನಲ್ಲಿ ಮನಸ್ಸಿಟ್ಟು ಓದಿದವರಿಗೆ ನೇರ ಮಾತಾಡುವುದೇ ಸರಿ.

ಮೊದಲನೆಯದಾಗಿ, ಲೇಖನದ ಅರ್ಧ ಭಾಗ ಕಥೆಗೇ ಹೋಗಿದೆ. ಅಂತಿಗೊನೆಯ ತಂದೆ ಈಡಿಪಸ್ ಹುಟ್ಟಿದಲ್ಲಿಂದ ಶುರು ಮಾಡಿದ್ದೀರಿ. ಅಷ್ಟು ಬೇಡ. ಕ್ರಿ.ಪೂ. 441ರ ಸುಮಾರಿಗೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಬರೆದ ನಾಟಕ ಇದು. ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಒಬ್ಬರನ್ನೊಬ್ಬರು ಕೊಂದಿದ್ದಾರೆ. ಥೀಬ್ಸ್ ಪಟ್ಟಣವನ್ನು ಕಾದ ಇಟಿಯಾಕ್ಲಿಸ್‌ಗೆ ಮರ್ಯಾದೆಯ ಸಂಸ್ಕಾರ ಆಗಿದೆ. ಹೊರಗಿನ ಸೈನ್ಯ ಕಟ್ಟಿಕೊಂಡು ಬಂದ ಪಾಲಿನೈಸಸ್‌ನ ಹೆಣವನ್ನು ನಾಯಿ ಹದ್ದುಗಳಿಗೆ ಬಿಡಬೇಕೆಂದು ಹೊಸ ದೊರೆ ಕ್ರಿಯಾನ್ ಆಜ್ಞೆ ಮಾಡಿದ್ದಾನೆ. ತಂಗಿ ಅಂತಿಗೊನೆ ಅಣ್ಣನ ಮೇಲೆ ಮಣ್ಣು ಹಾಕುತ್ತಾಳೆ. ಓದುಗರಿಗೆ ಇಷ್ಟು ಸಾಕು.

ಹೆಣಕ್ಕೆ ಸಂಸ್ಕಾರ ಆಗುವುದು ಗ್ರೀಕರಿಗೆ ಯಾಕೆ ಮುಖ್ಯ ಎಂದು ಒಂದು ಪುಟ ಬರೆದಿದ್ದೀರಿ. ಅದನ್ನೂ ತೆಗೆಯಿರಿ. ಬೊಜ್ಜ, ಅಂದರೆ ಉತ್ತರಕ್ರಿಯೆ, ಆಗದೆ ಉಳಿದ ಸಾವು ಅಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ಹೇಳಬೇಕಾಗಿದ್ದದ್ದು ಬೇರೆ ಇತ್ತು. ಕ್ರಿಯಾನ್ ಅಂತಿಗೊನೆಗೆ ಬರೀ ದೊರೆ ಅಲ್ಲ, ತಾಯಿ ಯೊಕಾಸ್ತೆಯ ಒಡಹುಟ್ಟಿದವನು. ಅಂದರೆ ಸೋದರಮಾವ. ಅವನ ಮಗ ಹೈಮನ್ ಜೊತೆ ಇವಳ ಮದುವೆ ನಿಶ್ಚಯವಾಗಿದೆ. ಅಪ್ಪ ಅಮ್ಮ ಇಲ್ಲದ ಸೊಸೆಗೆ ಮಾವನೇ ಸಾವಿನ ಶಿಕ್ಷೆ ಕೊಡುತ್ತಿದ್ದಾನೆ. ಮಾವನ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ನೆನಪು ಇನ್ನೂ ಹಸಿಯಾಗಿರುವ ಉಡುಪಿ, ಮಂಗಳೂರಿನ ಓದುಗರಿಗೆ ಇದೊಂದು ಮಾತು ಹೇಳಿದ್ದರೆ ಎದೆಗೆ ತಟ್ಟುತ್ತಿತ್ತು. ನೀವು 'ರಾಜ ಮತ್ತು ಬಂಡಾಯಗಾರ್ತಿ' ಎಂದು ಬರೆದು ಸಂಬಂಧವನ್ನೇ ಬಿಟ್ಟಿದ್ದೀರಿ.

ಇನ್ನು ನನಗೆ ಜಾಸ್ತಿ ಬೇಸರ ತಂದದ್ದು ಪಾತ್ರಗಳ ಭಾಗ. ಅಂತಿಗೊನೆ ಅಂದರೆ ಧೈರ್ಯ ಮತ್ತು ತ್ಯಾಗ, ಕ್ರಿಯಾನ್ ಅಂದರೆ ಅಹಂಕಾರ, ಅವಳ ಒಡಹುಟ್ಟಿದ ಇಸ್ಮೆನೆ ಅಂದರೆ ಹೇಡಿತನ, ಹೈಮನ್ ಅಂದರೆ ಪ್ರೇಮ. ಪರೀಕ್ಷೆಯ ಗೈಡಿನಲ್ಲಿ ಹೀಗೆ ಇರುತ್ತದೆ. ಇಂಥ ಒಂದೊಂದು ಪದ ಇಟ್ಟುಕೊಂಡು ನೀವು ರಂಗದ ಮೇಲೆ ಒಂದು ಸಾಲನ್ನಾದರೂ ಹೇಳಬಲ್ಲಿರಾ? ಮಳೆಗಾಲದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಪಾತ್ರದ ಮಾತು (ಅರ್ಥ) ಹೇಳುವ ಯಕ್ಷಗಾನ, ಕೇಳಿ ಬೆಳೆದ ಊರಿನವರು ನೀವು. 'ವಾಲಿ ವಧೆ'ಯಲ್ಲಿ ವಾಲಿಯ ಅರ್ಥ ಹೇಳುವವರು 'ನಾನು ಕೆಟ್ಟವ' ಅಂತ ಶುರು ಮಾಡುತ್ತಾರಾ? ಬಾಣ ತಿಂದು ಬಿದ್ದಲ್ಲಿಂದಲೇ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಕೇಳುತ್ತಾರೆ. ಕೇಳುತ್ತಾ ಕುಳಿತವರಿಗೂ ಆ ಹೊತ್ತಿಗೆ ಅದು ಸರಿ ಅನಿಸುತ್ತದೆ. ಕ್ರಿಯಾನನಿಗೆ ನೀವು ಅಷ್ಟು ಅವಕಾಶ ಕೊಟ್ಟಿಲ್ಲ.

ಅವನ ಮೊದಲ ಭಾಷಣ ಮತ್ತೆ ಓದಿ. ಅಧಿಕಾರ ಕೊಟ್ಟು ನೋಡುವವರೆಗೆ ಮನುಷ್ಯನ ಗುಣ ತಿಳಿಯುವುದಿಲ್ಲ, ಊರಿಗಿಂತ ತನ್ನವರು ಹೆಚ್ಚು ಅನ್ನುವವನನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ ಎನ್ನುತ್ತಾನೆ. ಇದು ಖಳನಾಯಕನ ಮಾತಲ್ಲ. ನಾಟಕ ಬಂದು ನೂರು ವರ್ಷ ಆಗುತ್ತಾ ಬಂದಾಗ, ಕ್ರಿ.ಪೂ. 343ರಲ್ಲಿ, ಡೆಮಾಸ್ತನೀಸ್ ಎಂಬ ದೊಡ್ಡ ವಾಗ್ಮಿ ಅಥೆನ್ಸಿನ ನ್ಯಾಯಾಲಯದಲ್ಲಿ ಇದೇ ಸಾಲುಗಳನ್ನು ಓದಿಸಿದ. ಎದುರು ಪಕ್ಷದ ಈಸ್ಕಿನಿಸ್ ಹಿಂದೆ ನಟನಾಗಿದ್ದವನು, ಕ್ರಿಯಾನನ ಪಾತ್ರವನ್ನೂ ಮಾಡಿದ್ದವನು. ಆ ಪಾತ್ರದ ಒಳ್ಳೆಯ ಮಾತಿನಂತೆ ನೀನು ನಡೆದುಕೊಳ್ಳಲಿಲ್ಲ ಎಂಬುದು ಡೆಮಾಸ್ತನೀಸನ ಆರೋಪ. ಅಥೆನ್ಸಿನವರಿಗೆ ಅದು ಆದರ್ಶದ ಮಾತಾಗಿಯೇ ಕೇಳಿಸುತ್ತಿತ್ತು.

'ಕೊನೆಯವರೆಗೂ ಹಠಮಾರಿ' ಎಂದೂ ಬರೆದಿದ್ದೀರಿ. ಹಾಗಿಲ್ಲ. ಮೊದಲು ಸಾರಿದ ಶಿಕ್ಷೆ ಊರವರ ಮುಂದೆ ಕಲ್ಲು ಹೊಡೆದು ಕೊಲ್ಲುವುದು. ಆಮೇಲೆ ಅದು ಗುಹೆಯಲ್ಲಿಟ್ಟು, ಊರಿಗೆ ದೋಷ ತಟ್ಟದಷ್ಟು ಅನ್ನ ಇಟ್ಟು, ಬಾಗಿಲು ಮುಚ್ಚುವುದಾಗುತ್ತದೆ. ಮೊದಲು ಅಕ್ಕತಂಗಿ ಇಬ್ಬರನ್ನೂ ಕೊಲ್ಲುತ್ತೇನೆ ಅನ್ನುತ್ತಾನೆ. ಮೇಳದ (ಕೋರಸ್‌ನ) ಹಿರಿಯರು ಇಬ್ಬರನ್ನೂ ಕೊಲ್ಲುತ್ತೀಯಾ ಅಂತ ಕೇಳಿದ್ದೇ ತಡ, ಹೆಣ ಮುಟ್ಟದ ಇಸ್ಮೆನೆಯನ್ನು ಬಿಡುತ್ತೇನೆ, ನೀವು ಹೇಳಿದ್ದು ಸರಿ ಎನ್ನುತ್ತಾನೆ. ಅವನು ಒಳಗೊಳಗೇ ಸಡಿಲವಾಗುತ್ತಾ ಬರುತ್ತಾನೆ. ಆದರೆ ಪ್ರತಿ ಸಲ ಬೇಕಾದಷ್ಟು ಸಡಿಲ ಆಗುವುದಿಲ್ಲ. ನನಗೆ ಈ ನಾಟಕದ ನೋವು ಇರುವುದೇ ಅಲ್ಲಿ.

ಹೈಮನ್ ದೃಶ್ಯಕ್ಕೆ ಬನ್ನಿ. 'ತನ್ನ ಪ್ರೀತಿಗಾಗಿ ತಂದೆಯ ವಿರುದ್ಧ ಸಿಡಿದೇಳುತ್ತಾನೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಇಡೀ ದೃಶ್ಯದಲ್ಲಿ ಹುಡುಗ ಪ್ರೀತಿಯ ಮಾತನ್ನೇ ಎತ್ತುವುದಿಲ್ಲ! 'ಅಪ್ಪಾ, ನಾನು ನಿನ್ನವನು' ಅಂತ ಶುರು ಮಾಡುತ್ತಾನೆ. ನಿನಗೆ ಕೇಳಿಸದಂತೆ ಊರವರು ಆ ಹುಡುಗಿಗಾಗಿ ಮರುಗುತ್ತಿದ್ದಾರೆ ಅನ್ನುತ್ತಾನೆ. ನೆರೆ ಬಂದಾಗ ಬಗ್ಗುವ ಮರ ಉಳಿಯುತ್ತದೆ, ಸೆಟೆದು ನಿಂತದ್ದು ಬೇರುಸಹಿತ ಹೋಗುತ್ತದೆ ಅನ್ನುತ್ತಾನೆ. ಅಪ್ಪನಿಗೆ ಸುಮಾರು 40 ಸಾಲು, ಮಗನಿಗೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಒಂದು ಸಾಲಿಗೆ ಒಂದು ಸಾಲು. ಊರು ಆಳುವವನದ್ದಲ್ಲವಾ ಅಂತ ಅಪ್ಪ. ಯಾರೂ ಇಲ್ಲದ ಮರಳುಗಾಡಾದರೆ ನೀನೊಬ್ಬನೇ ಚೆನ್ನಾಗಿ ಆಳುತ್ತೀಯ ಅಂತ ಮಗ. ಇವಳು ಸತ್ತರೆ ಇನ್ನೊಂದು ಜೀವವೂ ಹೋಗುತ್ತದೆ ಎಂದು ಹೈಮನ್ ಹೇಳಿದಾಗ ಕ್ರಿಯಾನ್ ಅದನ್ನು ತನಗೆ ಹಾಕಿದ ಬೆದರಿಕೆ ಅಂದುಕೊಳ್ಳುತ್ತಾನೆ. ನಾಟಕ ಮುಗಿಯುವಾಗ ಆ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಿ. ನಿಮ್ಮ ತಂಡದ ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿ ಈ ದೃಶ್ಯವನ್ನು ಗಟ್ಟಿಯಾಗಿ ಓದಿ. ಆಮೇಲೆ ಜಾಗ ಬದಲಿಸಿ ಇನ್ನೊಮ್ಮೆ ಓದಿ.

ಅಂತಿಗೊನೆಯನ್ನು 'ಮಮತಾಮಯಿ' ಎಂದಿದ್ದೀರಿ. ಸತ್ತ ಅಣ್ಣನ ಮಟ್ಟಿಗೆ ಹೌದು. ಬದುಕಿರುವ ಇಸ್ಮೆನೆಯ ಜೊತೆ ಹೇಗಿದ್ದಾಳೆ? ನಿನ್ನ ಜೊತೆ ನಾನೂ ಸಾಯುತ್ತೇನೆ ಎಂದು ಬಂದವಳನ್ನು, ನೀನು ಬದುಕನ್ನು ಆರಿಸಿಕೊಂಡೆ, ನಾನು ಸಾವನ್ನು, ಎಂದು ದೂಡಿಬಿಡುತ್ತಾಳೆ. ಹಾಗೆ ಬಂದವಳನ್ನು ಹೇಡಿ ಎನ್ನುವುದೂ ತಪ್ಪೇ. ಗುಹೆಗೆ ಹೊರಡುವ ಮೊದಲು ಅಂತಿಗೊನೆ ಇನ್ನೊಂದು ವಿಚಿತ್ರ ಮಾತಾಡುತ್ತಾಳೆ: ಗಂಡನಿಗಾಗಿಯೋ ಮಗುವಿಗಾಗಿಯೋ ಆಗಿದ್ದರೆ ಇದನ್ನು ಮಾಡುತ್ತಿರಲಿಲ್ಲ, ಅವರು ಹೋದರೆ ಬೇರೆಯವರು ಸಿಗಬಹುದು, ತಂದೆತಾಯಿ ಸತ್ತ ಮೇಲೆ ಇನ್ನೊಬ್ಬ ಅಣ್ಣ ಹುಟ್ಟಿಬರುವುದಿಲ್ಲ. ಈ ಸಾಲುಗಳು ಸೊಫೊಕ್ಲಿಸನದ್ದಲ್ಲ ಎಂದು ಯಾರಾದರೂ ಸಾಬೀತು ಮಾಡಲಿ ಎಂದು ಜರ್ಮನ್ ಕವಿ ಗಯಟೆ ಬಯಸಿದ್ದ. ಅರಿಸ್ಟಾಟಲ್ ಮಾತ್ರ ಇವನ್ನು ಉದಾಹರಣೆಯಾಗಿ ಕೊಟ್ಟಿದ್ದಾನೆ. ನಿಮಗೆ ಮುಜುಗರ ಆಗಿ ಬಿಟ್ಟಿರಬೇಕು. ಬಿಡಬೇಡಿ. ದೇವರ ಅಲಿಖಿತ ನಿಯಮದ ಬಗ್ಗೆ ಅಷ್ಟು ಎತ್ತರದಲ್ಲಿ ನಿಂತು ಮಾತಾಡಿದ ಹುಡುಗಿ, ಸಾವು ಹತ್ತಿರ ಬಂದಾಗ ತನ್ನ ಮನೆಯ ಲೆಕ್ಕಕ್ಕೆ ಇಳಿಯುತ್ತಾಳಲ್ಲ, ಅಲ್ಲಿ ಅವಳು ನನಗೆ ತೀರಾ ಹತ್ತಿರದವಳಾಗಿ ಕಾಣುತ್ತಾಳೆ.

ಕಾವಲುಗಾರನ ಬಗ್ಗೆ ಬರೆದ ಪ್ಯಾರಾ ಮಾತ್ರ ಬಹಳ ಚೆನ್ನಾಗಿದೆ. ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇಡುತ್ತಾ ದೊರೆಯ ಹತ್ತಿರ ಬರುವ ಅವನ ಭಯವನ್ನು ನೀವು ನೋಡಿದ್ದೀರಿ. ಅವಳನ್ನು ಹಿಡಿದು ತಂದಾಗ ಅವನಿಗೆ ಸಂತೋಷವೂ ಇದೆ, ಸಂಕಟವೂ ಇದೆ ಎಂದು ಗುರುತಿಸಿದ್ದೀರಿ. ಅದೇ ಕಣ್ಣಿನಿಂದ ಉಳಿದವರನ್ನೂ ನೋಡಿ.

ಸಣ್ಣದೊಂದು ತಿದ್ದುಪಡಿ. ಕುರುಡ ಜ್ಞಾನಿ ತೈರೀಸಿಯಸ್ ಬಂದು ಶಾಪ ಹಾಕುತ್ತಾನೆ ಎಂದಿದ್ದೀರಿ. ಅವನು ಬಂದದ್ದು ಬುದ್ಧಿ ಹೇಳಲು. ಲಂಚ ತಿಂದಿದ್ದೀಯ ಎಂದು ಕ್ರಿಯಾನ್ ಚುಚ್ಚಿದ ಮೇಲೆಯೇ ಭವಿಷ್ಯ ಬಾಯಿಬಿಡುತ್ತಾನೆ.

ಮತ್ತು ನೀವು ಪೂರ್ತಿ ಬಿಟ್ಟುಬಿಟ್ಟ ಒಂದು ವಿಷಯ. ಮೂಲದಲ್ಲಿ ಒಟ್ಟು 1353 ಸಾಲು. 943ನೆಯ ಸಾಲಿಗೆ ಅಂತಿಗೊನೆಯ ಮಾತು ಮುಗಿಯುತ್ತದೆ. ಆಮೇಲಿನ 410 ಸಾಲು ಅವಳಿಲ್ಲದೆ ನಡೆಯುತ್ತದೆ. ನಿಮ್ಮ ಲೇಖನದಲ್ಲಿ ಅದಕ್ಕೆ ಸಿಕ್ಕಿದ್ದು ಎರಡು ವಾಕ್ಯ. ತೈರೀಸಿಯಸ್ ಹೋದ ಮೇಲೆ ಕ್ರಿಯಾನ್ ಹೆದರಿ, ಏನು ಮಾಡಲಿ ಹೇಳಿ ಎಂದು ಹಿರಿಯರನ್ನು ಕೇಳುತ್ತಾನೆ. ಹೋಗಿ ಹುಡುಗಿಯನ್ನು ಬಿಡಿಸು, ಹೊರಗೆ ಬಿದ್ದವನಿಗೆ ಸಮಾಧಿ ಮಾಡು ಅನ್ನುತ್ತಾರೆ. ಅವನು ಮೊದಲು ಹೋದದ್ದು ಹೆಣದ ಹತ್ತಿರ. ನಾಯಿಗಳು ಹರಿದು ಉಳಿದದ್ದನ್ನು ತೊಳೆದು, ಹಸಿ ಕೊಂಬೆಗಳಲ್ಲಿ ಸುಟ್ಟು, ಮಣ್ಣಿನ ದಿಬ್ಬ ಕಟ್ಟಿ, ಆಮೇಲೆ ಗುಹೆಗೆ. ಅಷ್ಟರಲ್ಲಿ ಒಳಗಿನಿಂದ ಮಗನ ಅಳು ಕೇಳಿಸುತ್ತದೆ. ಅಂತಿಗೊನೆ ತನ್ನ ಬಟ್ಟೆಯಲ್ಲೇ ಕುಣಿಕೆ ಹಾಕಿಕೊಂಡಿದ್ದಾಳೆ. ಹೈಮನ್ ಅಪ್ಪನ ಮುಖಕ್ಕೆ ಉಗಿದು, ಕತ್ತಿ ಬೀಸಿ, ಗುರಿ ತಪ್ಪಿ, ಅದನ್ನು ತನಗೇ ಚುಚ್ಚಿಕೊಳ್ಳುತ್ತಾನೆ. ಮೊದಲು ಗುಹೆಗೆ ಹೋಗಿದ್ದರೆ? ನಾಟಕ ಉತ್ತರ ಕೊಡುವುದಿಲ್ಲ. ಸತ್ತವನಿಗೆ ಸಂಸ್ಕಾರ ಬೇಡ ಎಂದವನೇ ಈಗ ಬದುಕಿರುವವಳನ್ನು ಬಿಟ್ಟು ಸತ್ತವನ ಸಂಸ್ಕಾರಕ್ಕೆ ಮೊದಲು ಓಡಿದ್ದಾನೆ. ಇದರ ಬಗ್ಗೆ ನೀವು ಏನು ಅಂದುಕೊಳ್ಳುತ್ತೀರಿ ಎಂದು ನನಗೆ ಓದಬೇಕು.

ತಿದ್ದಿ ಕಳಿಸುವುದಾದರೆ ಪಾತ್ರಗಳ ಪಟ್ಟಿ ಬೇಡ, 'ನಾವು ಕಲಿಯಬೇಕಾದ ಪಾಠ' ಎಂಬ ಕೊನೆಯ ಭಾಗವೂ ಬೇಡ. ಹೈಮನ್ ದೃಶ್ಯ ಅಥವಾ ಗುಹೆಯಲ್ಲಿ ನಡೆದದ್ದರ ವರದಿ, ಎರಡರಲ್ಲಿ ಒಂದನ್ನು ಹಿಡಿದು 1,500 ಪದಗಳ ಒಳಗೆ ಬರೆಯಿರಿ. ಪಿ. ಲಂಕೇಶರು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಕ್ರಿಯಾನನ ಸಾಲುಗಳನ್ನು ಮೊದಲು ಓದಿ. ಅವಸರ ಏನಿಲ್ಲ, ಮುಂದಿನ ತಿಂಗಳು ಕಳಿಸಿದರೂ ಆಗುತ್ತದೆ.