ಸುಸಾಕಿ ಅದಕ್ಕೂ ಮುಂಚೆ ಸೋತೇ ಇರಲಿಲ್ವಾ?

ವಿನೇಶ್ ಫೋಗಟ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೋಲಿಸುವ ತನಕ ಜಪಾನಿನ ಕುಸ್ತಿಪಟು ಯುಯಿ ಸುಸಾಕಿ ಒಮ್ಮೆಯೂ ಸೋತಿರಲಿಲ್ಲ ಅನ್ನೋದು ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ. ವಿದೇಶಿ ಕುಸ್ತಿಪಟುಗಳ ಎದುರು ಸೋತಿರಲಿಲ್ಲ. ಆದರೆ ಜಪಾನಿನೊಳಗೇ ಯುಕಿ ಇರಿಯೆ ಅನ್ನೋ ಕುಸ್ತಿಪಟು ಸುಸಾಕಿಯನ್ನು ಸೋಲಿಸಿದ್ದರು. 2019ರಲ್ಲಿ ಇರಿಯೆ ಎದುರು ಸೋತಿದ್ದಕ್ಕೇ ಸುಸಾಕಿಗೆ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು. ಅಲ್ಲಿ ತಂಡಕ್ಕೆ ಬರುವುದೇ ಅಷ್ಟು ಕಷ್ಟ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ 50 ಕೆಜಿ ವಿಭಾಗದ ಚಿನ್ನ ಗೆದ್ದಾಗ ಸುಸಾಕಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಕೊಟ್ಟಿರಲಿಲ್ಲ!

ಇನ್ನು ಪ್ಯಾರಿಸ್ ವಿಷಯ. ಸುಸಾಕಿ 2-0 ಮುಂದಿದ್ದರು. ಆದರೆ ಆ ಎರಡೂ ಪಟ್ಟು ಹಾಕಿ ಗಳಿಸಿದ್ದಲ್ಲ, ವಿನೇಶ್ ಮುನ್ನುಗ್ಗಲಿಲ್ಲ ಅಂತ ಒಂದೊಂದಾಗಿ ಸಿಕ್ಕಿದ್ದು. ಕೊನೆಯ ಸೆಕೆಂಡುಗಳಲ್ಲಿ ವಿನೇಶ್ ಕೆಡವಿ ಒಂದೇ ಸಲಕ್ಕೆ 2 ಅಂಕ ತಗೊಂಡರು. ಸಮ ಆದರೆ ದೊಡ್ಡ ಅಂಕದ ಪಟ್ಟು ಹಾಕಿದವರಿಗೇ ಗೆಲುವು. ತೀರ್ಪು ಮತ್ತೆ ನೋಡಿ ಅಂತ ಜಪಾನ್ ಸವಾಲು ಹಾಕಿ ಸೋತಿದ್ದಕ್ಕೆ ವಿನೇಶ್‌ಗೆ ಇನ್ನೊಂದು ಅಂಕ ಸೇರಿ 3-2 ಆಯಿತು. ನನಗನಿಸೋದು, ಸುಸಾಕಿ ಸುಮ್ನೆ ಮುನ್ನಡೆ ಕಾಯ್ದುಕೊಳ್ಳೋಕೆ ಹೋಗಿ ಕೆಟ್ಟರು. ಮರುದಿನ ತೂಕ ಜಾಸ್ತಿಯಾಗಿ ವಿನೇಶ್ ಅನರ್ಹರಾದರು, ಸುಸಾಕಿ ಕಂಚು ಗೆದ್ದರು.